ತಬಿತಾಳ ಹೊಟ್ಟೆಗೆಂದು ಬಂದ ಅಕ್ಕಿ

ಋಷಿಮೂಲ, ನದೀಮೂಲ ಕೇಳಬಾರದು ಎಂದು ಹಿರಿಯರು ಹೇಳುತ್ತಾರೆ. ಲೈಬೀರಿಯಾದ ಸೇಂಟ್ ಪಾಲ್ ಹೊಳೆಯ ದಂಡೆಯಲ್ಲಿರುವ ನಮ್ಮ ಪ್ಲೆಸೆಂಟ್ ಹಿಲ್‌ನಲ್ಲಿ ಇದಕ್ಕೆ ಮೂರನೆಯದೊಂದನ್ನು ಸೇರಿಸಿಕೊಳ್ಳಬೇಕು: ಪೆಟಿಫರ್ಡ್ ಮನೆಯ ಮಕ್ಕಳ ಮೂಲ. ಆ ಮನೆಯಲ್ಲಿ ಬೆಳೆದವರಲ್ಲಿ ಮದುವೆಯಾದ ಹೆಂಡತಿಯ ಮಕ್ಕಳು ಯಾರು, ಹೊರಗಿನ ಸಂಬಂಧದಲ್ಲಿ ಹುಟ್ಟಿ ಒಳಗೆ ಬಂದವರು ಯಾರು, ನಾಲ್ಕಕ್ಷರ ಕಲಿಯಲಿ ಎಂದು ಒಳನಾಡಿನ ಹಳ್ಳಿಯವರು ತಂದುಬಿಟ್ಟ ಸಾಕುಮಕ್ಕಳು ಯಾರು ಎಂದು ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಎಲ್ಲರಿಗೂ ಒಂದೇ ಮನೆತನದ ಹೆಸರು, ಚರ್ಚಿನಲ್ಲಿ ಒಂದೇ ಬೆಂಚು. ಕೇಳುವುದು ಹೊಲಸು ಬುದ್ಧಿ ಎಂದುಕೊಂಡಿದ್ದೆವು. ನಮ್ಮ ದೊಡ್ಡಮನಸ್ಸಿನ ಬಗ್ಗೆ ನಮಗೆ ಹೆಮ್ಮೆ ಬೇರೆ. ಆ ಹೆಮ್ಮೆಯ ಅಡಿಯಲ್ಲಿ ಒಬ್ಬ ಹೆಂಗಸು ನಲವತ್ತೆರಡು ವರ್ಷ ಸಿಕ್ಕಿಹಾಕಿಕೊಂಡಿದ್ದಳು. ಅವಳ ಹೆಸರು ತಬಿತಾ.

ಸಾವಿರದ ಒಂಬೈನೂರ ಎಪ್ಪತ್ತರಲ್ಲಿ ತಬಿತಾಗೆ ನಲವತ್ತಾರು. ಎತ್ತರದ ಆಳು, ಅಗಲ ಭುಜ, ನಕ್ಕರೆ ಮುಂದಿನ ಎರಡು ಹಲ್ಲಿನ ನಡುವೆ ಸಂದು. ಸೊಂಟದಲ್ಲಿ ಹನ್ನೊಂದು ಕೀಲಿಕೈಗಳ ಗೊಂಚಲು. ಅವಳು ಬರುವ ಮೊದಲೇ ಅದರ ಸದ್ದು ಬರುತ್ತಿತ್ತು. ಮನೆಯೇನೋ ದೊಡ್ಡದು. ಕೆಂಪು ಕಲ್ಲಿನ ಕಂಬಗಳ ಮೇಲೆ ಮಹಡಿ, ಸುತ್ತ ಜಗಲಿ, ತಗಡಿನ ಮಾಡು. ಕಾಫಿ ಬೆಳೆದು ಮೆರೆದ ಕಾಲದಲ್ಲಿ ಕಟ್ಟಿದ್ದು. ಕಾಫಿ ಹೋಗಿ ಮೂರು ತಲೆಮಾರಾಯಿತು, ಮೆರೆಯುವುದು ಮಾತ್ರ ಉಳಿದಿತ್ತು. ಎಂಟು ಕೋಣೆಗಳಲ್ಲಿ ಆರಕ್ಕೆ ಬೀಗ. ಉಳಿದ ಎರಡರಲ್ಲಿ ಒಂದು ತಬಿತಾಳದು, ಇನ್ನೊಂದು ಹಿರಿಯಮ್ಮನದು.

ಹಿರಿಯಮ್ಮ ಎಂದರೆ ಲುಕ್ರೀಷಿಯಾ ಪೆಟಿಫರ್ಡ್. ಎಂಬತ್ತನಾಲ್ಕು ವಯಸ್ಸು. ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮನಾಗಿದ್ದು, ಬಿಡುಗಡೆಯಾಗಿ, ಹಡಗು ಹತ್ತಿ ಬಂದು ಇಲ್ಲಿ ಹತ್ತು ಎಕರೆ ಕಾಡು ಕಡಿದ ಅಬ್ಸಲೋಮ್ ಪೆಟಿಫರ್ಡನ ಮೊಮ್ಮಗಳು. ಮದುವೆಯಾಗಲಿಲ್ಲ. ಏಳು ಹುಡುಗಿಯರನ್ನು ಸಾಕಿ, ಓದಿಸಿ, ಹೊಲಿಗೆ ಕಲಿಸಿ ದಡ ಸೇರಿಸಿದವಳು ಎಂದು ಊರು ಹೊಗಳುತ್ತದೆ. ಹೊಗಳಲಿ, ಸುಳ್ಳಲ್ಲ. ಆದರೆ ಬೇರೆಯವರ ಕೈಯಿಂದ ಒಂದು ತುತ್ತು ತಿನ್ನುವವಳಲ್ಲ. ಸ್ನಾನ ತಬಿತಾಳೇ ಮಾಡಿಸಬೇಕು, ಕಾಲಿಗೆ ಎಣ್ಣೆ ತಬಿತಾಳೇ ಹಚ್ಚಬೇಕು. ರಾಜಧಾನಿ ಮನ್ರೋವಿಯಾ ಹದಿನೈದು ಮೈಲಿ. ತಬಿತಾ ಅಲ್ಲಿಗೆ ಜೀವಮಾನದಲ್ಲಿ ಮೂರು ಸಲ ಹೋಗಿದ್ದಳು, ಮೂರು ಸಲವೂ ಕತ್ತಲಾಗುವ ಮುಂಚೆ ಓಡಿ ಬಂದಿದ್ದಳು.

ಮನೆಯೆದುರಿನ ರಸ್ತೆಯಾಚೆ ಎಜ್ರಾ ಪೆಟಿಫರ್ಡನ ಬಡಗಿ ಕೊಟ್ಟಿಗೆ. ಹಿರಿಯಮ್ಮನ ತಮ್ಮ ಥಿಯೊಫಿಲಸ್‌ಗೆ ಹೊರಗೆ ಹುಟ್ಟಿದ ಮಗ ಅವನು. ತಾಯಿ ಬುಕ್ಯಾನನ್ ಬಂದರಿನಲ್ಲಿ ಮೀನು ಹೊಗೆಗಿಡುತ್ತಿದ್ದವಳು ಎಂದು ಊರಿಗೆಲ್ಲ ಗೊತ್ತು. ಹನ್ನೆರಡನೇ ವಯಸ್ಸಿಗೆ ಈ ಮನೆಗೆ ಬಂದ. ಬೆಳೆದ ಮೇಲೆ ಅವನಿಗೂ ತಬಿತಾಗೂ ಮನಸ್ಸು ಕೂಡಿತು. ಆಗ ತಬಿತಾ ತಾನು ಉಳಿದ ಹುಡುಗಿಯರ ಹಾಗೆ ಸಾಕುಮಗಳು ಎಂದೇ ತಿಳಿದಿದ್ದಳು. ಮಲಗುತ್ತಿದ್ದದ್ದೂ ಅವರ ಜೊತೆ ಹಿತ್ತಿಲ ಕೋಣೆಯಲ್ಲೇ. ಇಪ್ಪತ್ತು ವರ್ಷದ ಹಿಂದೆ ಎಜ್ರಾ ಹಿರಿಯಮ್ಮನ ಮುಂದೆ ಟೋಪಿ ತೆಗೆದು ನಿಂತು, ತಬಿತಾಳನ್ನು ಮದುವೆಯಾಗಿ ಬುಕ್ಯಾನನ್‌ಗೆ ಕರೆದೊಯ್ಯುತ್ತೇನೆ, ಬಂದರಿನಲ್ಲಿ ಕೆಲಸ ಸಿಕ್ಕಿದೆ ಎಂದ. ಹಿರಿಯಮ್ಮ ಒಂದು ದಿನ ಸಮಯ ಕೇಳಿದಳು. ಮಾರನೆಯ ದಿನ ಇಬ್ಬರನ್ನೂ ಕೂರಿಸಿ ಮನೆತನದ ಬೈಬಲ್ ತೆರೆದು, ಹೆಸರುಗಳ ಹಾಳೆ ತೋರಿಸಿದಳು. ಥಿಯೊಫಿಲಸ್ ಎಂಬ ಹೆಸರಿನ ಕೆಳಗೆ ಎಜ್ರಾ. ಎಜ್ರಾನ ಕೆಳಗೆ ತಬಿತಾ.

ಒಂದೇ ತಂದೆಯ ಮಕ್ಕಳು. ಅಲ್ಲಿಗೆ ಮುಗಿಯಿತು.

ಎಜ್ರಾ ಒಬ್ಬನೇ ಬುಕ್ಯಾನನ್‌ಗೆ ಹೋದ. ತಬಿತಾ ಅತ್ತ ಅಳು ಯಾರಿಗೂ ಲೆಕ್ಕಕ್ಕೆ ಬರಲಿಲ್ಲ, ಯಾಕೆಂದರೆ ಊರೆಲ್ಲ ಅವಳನ್ನು ಅಭಿನಂದಿಸುತ್ತಿತ್ತು. ಸಾಕುಮಗಳು ಎಂದುಕೊಂಡವಳು ಮನೆಮಗಳಾದಳಲ್ಲ! ಹಿತ್ತಿಲ ಕೋಣೆಯಿಂದ ಮಹಡಿಗೆ ಅವಳ ಪೆಟ್ಟಿಗೆ ಏರಿತು. ಸೊಂಟಕ್ಕೆ ಕೀಲಿಕೈ ಬಂತು. ಒಂದೊಂದಾಗಿ ಉಳಿದ ಏಳೂ ಹುಡುಗಿಯರು ಗಂಡನ ಜೊತೆ ಹೋದರು. ಮನೆಮಗಳು ಎಲ್ಲಿಗೆ ಹೋಗುತ್ತಾಳೆ? ರಕ್ತ ಹರಿಯುವ ಮನೆ, ಅವಳದೇ ಮನೆ. ಐದು ವರ್ಷದ ಮೇಲೆ ಎಜ್ರಾ ಒಂದು ಕಾಲು ಕುಂಟುತ್ತಾ ಒಬ್ಬಂಟಿಯಾಗಿ ವಾಪಸ್ಸು ಬಂದ. ಅಂದಿನಿಂದ ಭಾನುವಾರದ ಊಟ ಅವಳ ಕೈಯದು. ಅವನು 'ತಂಗಿ' ಎನ್ನುತ್ತಿದ್ದ, ಅವಳು 'ಅಣ್ಣ' ಎನ್ನುತ್ತಿದ್ದಳು.

ಹೀಗಿರುವಾಗ ಅಕ್ಟೋಬರಿನಲ್ಲಿ ಮನ್ರೋವಿಯಾದಿಂದ ರುಡಾಲ್ಫ್ ಕಾರಿನಲ್ಲಿ ಬಂದಿಳಿದ. ಹಿರಿಯಮ್ಮನ ದೊಡ್ಡ ಅಣ್ಣನ ಮೊಮ್ಮಗ, ವಕೀಲ. ಸೆಕೆಗೂ ಕೋಟು ಬಿಚ್ಚದ ಜಾತಿ.

"ಅಬ್ಸಲೋಮ್ ತಾತ ಹಡಗಿಂದ ಇಳಿದು ಡಿಸೆಂಬರ್ ಹದಿನಾಲ್ಕಕ್ಕೆ ಸರಿಯಾಗಿ ನೂರು ವರ್ಷ, ಅಜ್ಜಿ," ಎಂದ ಹಿರಿಯಮ್ಮನಿಗೆ. "ಮನೆತನದವರೆಲ್ಲ ಇಲ್ಲೇ ಸೇರಿ ಊಟ ಮಾಡೋಣ. ಒಂದು ಪುಸ್ತಕ ಅಚ್ಚು ಹಾಕಿಸ್ತೀನಿ. ವಂಶಾವಳಿ ಬೇಕು. ಹೆಸರು, ಹುಟ್ಟಿದ ವರ್ಷ, ತಂದೆ, ತಾಯಿ. ತಬಿತಾ ಅತ್ತೆ, ನಿಮ್ಮ ಅಕ್ಷರ ಚೆನ್ನಾಗಿದೆಯಲ್ಲ, ನೀವೇ ಬರೆದುಕೊಡಿ."

"ಅಡುಗೇನೂ ನಾನೇ ತಾನೇ?" ಎಂದಳು ತಬಿತಾ.

"ನಿಮ್ಮ ಕೈ ರುಚಿ ಬೇರೆ ಯಾರಿಗೆ ಬರುತ್ತೆ?"

"ಹೊಗಳಿ ಹೊಗಳಿ ಹೊರೆ ಹೊರಿಸೋದು ವಕೀಲರಿಗೆ ಕಲಿಸಬೇಕಾಗಿಲ್ಲ ಬಿಡು."

ರುಡಾಲ್ಫ್ ನಕ್ಕ. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದ. ಅಜ್ಜಿಯ ಕಾಲದ ನಂತರ ಈ ಮನೆಯನ್ನು ಮಾರುವುದಿಲ್ಲ, ಮನೆತನದ ರಕ್ತದವರೊಬ್ಬರು ಇಲ್ಲೇ ಇದ್ದು ನೋಡಿಕೊಳ್ಳಬೇಕು ಎಂದು ಕಾಗದ ಮಾಡಿಸುತ್ತಿದ್ದಾನೆ. "ಆ ಒಬ್ಬರು ನೀವೇ ಅತ್ತೆ. ಜೀವ ಇರೋವರೆಗೆ." ಅವನು ಇದನ್ನು ಉಡುಗೊರೆ ಕೊಟ್ಟವನ ಹಾಗೆ ಹೇಳಿದ. ಹಿರಿಯಮ್ಮ ಕಣ್ಣು ಮುಚ್ಚಿದ ದಿನವಾದರೂ ದಾರಿ ಬಿಟ್ಟೀತು ಎಂದು ತಬಿತಾ ಯಾರಿಗೂ ಹೇಳದೆ ಲೆಕ್ಕ ಹಾಕಿಕೊಂಡಿದ್ದಳು. ಆ ಲೆಕ್ಕಕ್ಕೆ ಪಶ್ಚಾತ್ತಾಪವನ್ನೂ ಪಟ್ಟಿದ್ದಳು.

ಆದರೂ ಬರೆಯಲು ಕೂತಳು. ಬೈಬಲ್ ನೋಡಿದಳು, ಮಾವಿನ ಮರದಡಿಯ ಗೋರಿಗಳ ಪಾಚಿ ಕೆರೆದು ಇಸವಿ ಓದಿದಳು, ಹತ್ತಾರು ಮುದುಕರ ಕೆಮ್ಮು ಕೇಳಿದಳು. ಕೆಲಸ ಹಿಡಿಸಿತು ಎಂದೇ ಹೇಳಬೇಕು. ಒಂದು ತಿಂಗಳಲ್ಲಿ ಐದು ತಲೆಮಾರು ಕಾಗದಕ್ಕಿಳಿಯಿತು. ಪ್ರತಿಯೊಬ್ಬರ ಮುಂದೆಯೂ ತಾಯಿಯ ಹೆಸರು ಬಂತು. ಒಂದು ಹೆಸರಿನ ಮುಂದೆ ಮಾತ್ರ ಜಾಗ ಖಾಲಿ ಉಳಿಯಿತು. ಅದು ಅವಳದೇ.

ಹಿರಿಯಮ್ಮನ ಕೂದಲು ಬಾಚುತ್ತಾ ಕೇಳಿದಳು. "ಅಮ್ಮಾ, ನನ್ನ ಹೆತ್ತವಳ ಹೆಸರೇನು?"

"ಈಗ ಯಾಕೆ ಅದು?"

"ಪುಸ್ತಕಕ್ಕೆ."

"ಖಾಲಿ ಬಿಡು. ಒಳ್ಳೆ ಹೆಂಗಸಲ್ಲ ಅವಳು. ಥಿಯೊಫಿಲಸ್‌ನ ಹೆಸರಿದೆಯಲ್ಲ, ಸಾಲದೇ ನಿನಗೆ?"

ಸಾಲಲಿಲ್ಲ. ಇಪ್ಪತ್ತು ವರ್ಷ ಕೇಳದೆ ಇದ್ದವಳಿಗೆ, ಎಲ್ಲರ ತಾಯಂದಿರ ಹೆಸರನ್ನು ತನ್ನ ಕೈಯಾರೆ ಬರೆದ ಮೇಲೆ, ತನ್ನದೊಂದು ಬೇಕೇ ಬೇಕು ಎನ್ನಿಸಿಬಿಟ್ಟಿತು. ಒಳ್ಳೆಯವಳೋ ಕೆಟ್ಟವಳೋ, ಹೆಸರಂತೂ ಇತ್ತಲ್ಲ.

ದೋಣಿಗಟ್ಟೆಯಲ್ಲಿ ಹುರಿದ ಮೀನು ಮಾರುವ ಸೆಲೀನಾಳ ಬಳಿ ಹೋದಳು. ಸೆಲೀನಾ ಆ ಏಳು ಹುಡುಗಿಯರಲ್ಲಿ ಹಿರಿಯವಳು. ಗಂಡ ಸತ್ತು ಊರಿಗೆ ಮರಳಿದವಳು, ನಾಲಗೆಗೆ ಎಲುಬಿಲ್ಲ. ತಾಯಿಯ ಹೆಸರನ್ನು ನೇರವಾಗಿ ಕೇಳಲು ಸಂಕೋಚವಾಗಿ ತಬಿತಾ ಪುಸ್ತಕದ ನೆಪ ಹೂಡಿದ್ದಳು.

"ಬಾರೇ ಮಹಾರಾಣಿ," ಎಂದಳು ಸೆಲೀನಾ. "ಕೀಲಿಕೈ ಸದ್ದು ಕೇಳಿ ಮೀನೆಲ್ಲ ಎಣ್ಣೆಗೆ ಹಾರ್ಕೊಂಡ್ವು ನೋಡು."

"ಹಾರಿದ್ದು ಒಳ್ಳೇದಾಯ್ತು, ನಿನ್ನ ಬಾಯಿಂದ ಬಚಾವಾದ್ವು. ಅಕ್ಕ, ನಾವು ಸಾಕುಮಕ್ಕಳ ಹೆಸರೂ ಪುಸ್ತಕದಲ್ಲಿ ಹಾಕಬೇಕಂತೆ. ಏಳು ಜನ ತಾನೇ?"

"ನಾವು ಅಂತೀಯ? ನೀನು ಯಾವಾಗಿಂದ ನಮ್ಮ ಜೊತೆ ಸೇರಿದೆ, ಮಹಡಿ ಮೇಲಿನವಳು?" ಸೆಲೀನಾ ಮೀನು ಮಗುಚಿದಳು. "ಎಷ್ಟು ಜನ ಅಂತ ಅಕ್ಕಿ ಬುಟ್ಟಿ ಲೆಕ್ಕ ಹಾಕು, ಗೊತ್ತಾಗುತ್ತೆ."

"ಅಕ್ಕಿ ಬುಟ್ಟಿಗೂ ಇದಕ್ಕೂ ಏನು?"

"ಅಯ್ಯೋ, ಇಷ್ಟು ವರ್ಷ ಆ ಅಡುಗೆಮನೆ ಆಳಿದವಳಿಗೆ ಇದು ಗೊತ್ತಿಲ್ವಾ? ಮಗೂನ ಕೊಟ್ಟ ತಾಯಿ ವರ್ಷಕ್ಕೊಂದು ಸಲ ಹೊಸ ಅಕ್ಕಿ ತಂದುಕೊಡಬೇಕು. ನಮ್ಮ ಮಗೂನ ಮಾರಿಲ್ಲ, ಅದರ ಹೊಟ್ಟೆ ನಮ್ಮ ಮೇಲೇ ಇದೆ, ಓದು ಮಾತ್ರ ನಿಮ್ಮದು ಅನ್ನೋದು ಒಳನಾಡಿನವರ ಮಾತು. ಮಗು ಆ ಮನೆ ಬಿಟ್ಟ ವರ್ಷ ಅಕ್ಕಿ ನಿಲ್ಲುತ್ತೆ. ನಾನು ಮದುವೆ ಆಗಿ ಹೋದ ವರ್ಷ ನಮ್ಮವ್ವನ ಬುಟ್ಟಿ ನಿಂತಿತು. ಹಾಗೆ ಒಂದೊಂದೇ ಏಳೂ ನಿಂತ್ವು."

"ಹೌದು," ಎಂದಳು ತಬಿತಾ. ಎರಡು ಹೆಜ್ಜೆ ನಡೆದಳು. ನಿಂತಳು.

ಏಳು ನಿಂತಿದ್ದರೆ, ಪ್ರತಿವರ್ಷ ನವೆಂಬರಿನಲ್ಲಿ ಈಗಲೂ ಬರುವ ಬುಟ್ಟಿ ಯಾರದು?

ಆ ಬುಟ್ಟಿ ಅವಳಿಗೆ ಚಿಕ್ಕಂದಿನಿಂದ ಗೊತ್ತು. ಮೊದಲೆಲ್ಲ ಒಬ್ಬ ತೆಳ್ಳನೆಯ ಹೆಂಗಸು ತರುತ್ತಿದ್ದಳು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ನೀರು ಕುಡಿದು, ಸ್ವಲ್ಪ ಹೊತ್ತು ಅಂಗಳ ನೋಡಿ ಹೋಗುತ್ತಿದ್ದಳು. ಮಕ್ಕಳ ಜೊತೆ ಮಾತಾಡಿದರೆ ಅವು ವಾರಗಟ್ಟಲೆ ಅಳುತ್ತವೆ ಎಂದು ಹಿರಿಯಮ್ಮ ಬುಟ್ಟಿ ತರುವ ಎಲ್ಲ ಹೆಂಗಸರಿಗೂ ಮಾತು ನಿಷೇಧಿಸಿದ್ದಳು. ಹತ್ತು ವರ್ಷದಿಂದ ಬೇರೆ ಹೆಂಗಸು ತರುತ್ತಿದ್ದಾಳೆ, ಹೆಸರು ಗೊರ್ಪು. ಅದು ನಮ್ಮ ಹಳೇ ಜಮೀನಿನ ಗೇಣಿ ಎಂದು ಹಿರಿಯಮ್ಮ ಹೇಳಿದ್ದಳು. ತಬಿತಾ ಪ್ರತಿ ಸಲ ಗೊರ್ಪುವಿಗೆ ಒಂದು ಡಬ್ಬಿ ಮೀನು, ಒಂದು ಸೋಪು ಕೊಟ್ಟು ಕಳಿಸುತ್ತಿದ್ದಳು. ಒಳ್ಳೆಯ ಯಜಮಾನಿ ಕೊಡುವ ಹಾಗೆ.

ನವೆಂಬರ್ ಕೊನೆಯ ವಾರದವರೆಗೆ ಅವಳು ಹೇಗೆ ದಿನ ನೂಕಿದಳೋ ದೇವರೇ ಬಲ್ಲ. ಎರಡು ಸಲ ಅನ್ನ ಸೀಯಿಸಿದಳು. ಆಮೇಲೆ ಒಂದು ಮಧ್ಯಾಹ್ನ ಗೊರ್ಪು ಬಂದು, ತಲೆಯ ಮೇಲಿನ ಬುಟ್ಟಿ ಇಳಿಸಿ, ಮೆಟ್ಟಿಲ ಮೇಲೆ ಕೂತಳು. ಐವತ್ತರ ಆಸುಪಾಸಿನ ಹೆಂಗಸು. ತಬಿತಾ ನೀರು ತಂದುಕೊಟ್ಟು ಪಕ್ಕದಲ್ಲೇ ಕೂತಳು. ಹಾಗೆ ಅವಳೆಂದೂ ಕೂತಿರಲಿಲ್ಲ. ಗೊರ್ಪು ಸ್ವಲ್ಪ ಸರಿದು ಜಾಗ ಮಾಡಿದಳು.

"ಗೊರ್ಪು, ಈ ಅಕ್ಕಿ ಯಾರದು?"

ಗೊರ್ಪು ನೀರು ಕುಡಿದು ಮುಗಿಸಿದಳು. ಸಂತೆಯಲ್ಲಿ ಕಲಿತ ನಮ್ಮ ಭಾಷೆಯಲ್ಲಿ ಹೇಳಿದಳು. "ನಿಂದೇ."

"ನಂದು ಅಂದ್ರೆ?"

"ನಿನ್ ಹೊಟ್ಟೆಗೆ. ಅವ್ವ ಇರೋಗಂಟ ಅವ್ವ ತಂದ್ಳು. ಅವ್ವ ಹೋದ್‌ಮ್ಯಾಲೆ ನಾ ತರ್ತಾ ಇವ್ನಿ. ನಾನು ನಿನ್ ಅಕ್ಕ."

ತಬಿತಾ ಕೈಚಾಚಿ ಬುಟ್ಟಿಯ ಅಂಚು ಹಿಡಿದುಕೊಂಡಳು.

"ನಾಲ್ಕ್ ವರ್ಸದವಳಿದ್ದೆ ನೀನು," ಎಂದಳು ಗೊರ್ಪು. "ಕೋಲಿಯೆಟಾದಿಂದ ಅವ್ವ ನಿನ್ನ ಬೆನ್ನಿಗ್ ಕಟ್ಕೊಂಡು ಎಲ್ಡ್ ದಿನ ನಡ್ದು ಇಲ್ಲಿಗ್ ತಂದ್ಬುಟ್ಳು. ನಾನೂ ಸಂಗಡ ಬಂದಿದ್ದೆ. ನಿಮ್ಮಪ್ಪ ಅಂದ್ರೆ ನಮ್ಮಪ್ಪಾನೇ, ಬ್ಯಾರೆ ಯಾರೂ ಅಲ್ಲ."

"ಅವ್ವನ ಹೆಸರು?"

"ಯಾಮಾ."

"ಯಾಕೆ ಹೇಳಲಿಲ್ಲ ನನಗೆ? ಹತ್ತು ವರ್ಷ ಬಂದಿದೀಯ. ಯಾಕೆ ಒಂದು ಮಾತು ಹೇಳಲಿಲ್ಲ?"

"ನಿಂಗ್ ಗೊತ್ತದೆ ಅಂದ್ಕಂಡಿದ್ವು," ಎಂದಳು ಗೊರ್ಪು, ಸಿಟ್ಟಿಲ್ಲದೆ. "ಗೊತ್ತಿದ್ದೂ ನಮ್ಮನ್ ಕಂಡ್ರೆ ನಾಚ್ಕೆ, ಅದ್ಕೇ ಸೋಪು ಕೊಟ್ ಕಳಿಸ್ತಾಳೆ ಅಂದ್ಕಂಡ್ವು. ಅವ್ವ ಹೇಳಿದ್ಳು, ಅವಳಾಗೇ ಕೇಳೋಗಂಟ ಬಾಯ್ ಬುಡಬ್ಯಾಡ, ಅವಳ ಬದುಕು ಕೆಡಿಸಬ್ಯಾಡ ಅಂತ."

ತಬಿತಾ ಅಕ್ಕನ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತಳು. ನಲವತ್ತಾರರ ಹೆಂಗಸು ಹಿತ್ತಿಲ ಮೆಟ್ಟಿಲ ಮೇಲೆ ಮಗುವಿನ ಹಾಗೆ ಅತ್ತಿದ್ದನ್ನು ರಸ್ತೆಯಲ್ಲಿ ಹೋಗುತ್ತಿದ್ದವರು ನೋಡಿದರು. ತಾಯಿ ಅದೇ ಜಾಗದಲ್ಲಿ ಕೂತಿದ್ದಳು. ಮೂವತ್ತೆರಡು ಸಲ ಬಂದಿದ್ದಳು. ತಾನು ಅವಳನ್ನು ದಾಟಿಕೊಂಡೇ ಬಾವಿಗೆ ಹೋಗಿ ಬರುತ್ತಿದ್ದಳು. ಗೊರ್ಪು ಅವಳ ಬೆನ್ನು ತಟ್ಟಿದಳು. ಊಟದ ಹಿಂದಿನ ದಿನ, ಡಿಸೆಂಬರ್ ಹದಿಮೂರರ ರಾತ್ರಿಯೊಳಗೆ ಮತ್ತೆ ಈ ಕಡೆ ಬರುತ್ತೇನೆ, ಬರುವುದಾದರೆ ಜೊತೆಗೆ ಬಾ, ಬರದಿದ್ದರೂ ಅಕ್ಕಿ ತಪ್ಪಿಸುವುದಿಲ್ಲ ಎಂದಳು.

ಆ ಸಂಜೆಯೇ ತಬಿತಾ ಹಿರಿಯಮ್ಮನ ಮುಂದೆ ಬೈಬಲ್ ತಂದಿಟ್ಟಳು. ಹಾಳೆಯ ಮೇಲಿನ ಹಳೆಯ ಹೆಸರುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಒಂದೇ ಒಂದು ಇನ್ನೂ ನೀಲಿಯಾಗಿತ್ತು: ತಬಿತಾ.

"ಯಾಮಾ ಅನ್ನೋದು ಒಳ್ಳೆ ಹೆಸರಲ್ವಾ ಅಮ್ಮಾ?" ಎಂದಳು.

ಹಿರಿಯಮ್ಮ ಬೈಬಲ್ಲನ್ನು ತನ್ನ ಕಡೆ ಎಳೆದುಕೊಂಡಳು. ಅವಳು ಹೇಡಿಯಲ್ಲ, ಅಷ್ಟು ಹೇಳಬೇಕು. "ಬರೆದವಳು ನಾನೇ," ಎಂದಳು. "ಅವನು ಬಂದು ಕೇಳಿದ ದಿನ ರಾತ್ರಿ ಬರೆದೆ. ಬೆಳಿಗ್ಗೆ ನಿಮಗೆ ತೋರಿಸುವಾಗ ಶಾಯಿ ಬೆರಳಿಗೆ ಅಂಟುತ್ತೇನೋ ಅಂತ ಹೆದರಿದ್ದೆ."

"ಯಾಕಮ್ಮ?"

"ಏಳು ಜನಾನ ಸಾಕಿದೆ. ನೀನು ಎಂಟನೆಯವಳು. ಸಾಕಿದ್ದೆಲ್ಲ ರೆಕ್ಕೆ ಬಂದ ಮೇಲೆ ಹಾರುತ್ತೆ. ಒಬ್ಬಳಾದರೂ ಉಳೀಲಿ ಅಂದ್ಕೊಂಡೆ. ಅದರಲ್ಲೂ ನೀನು. ನಿನ್ನನ್ನ ಕಂಡ್ರೆ ನನಗೆ ಪ್ರಾಣ, ಗೊತ್ತಿಲ್ವಾ?"

"ನನಗೆ ಎಜ್ರಾ ಬೇಕಿದ್ದ ಅಮ್ಮಾ. ನನಗೆ ಮಕ್ಕಳು ಬೇಕಿತ್ತು."

"ನನಗೂ ಬೇಕಿತ್ತು," ಎಂದಳು ಹಿರಿಯಮ್ಮ. ಆಮೇಲೆ ಮೊದಲಿನ ಗಟ್ಟಿ ದನಿ ಬಂತು. "ಆಗಿದ್ದು ಆಗಿಹೋಯ್ತು. ಈಗ ಬುದ್ಧಿವಂತಿಕೆಯಿಂದ ಯೋಚನೆ ಮಾಡು. ಹಾಳೆ ಹೀಗೇ ಇದ್ರೆ ನಾನು ಹೋದ ಮೇಲೆ ಈ ಮನೆಗೆ ನೀನು ಯಜಮಾನಿ. ನಿಜ ಬರೆದ್ರೆ ನೀನು ಯಾರು? ಅಡುಗೆಯವಳು. ಆ ರುಡಾಲ್ಫ್ ಒಂದು ವಾರದಲ್ಲಿ ಕೀಲಿಕೈ ಇಸ್ಕೊಳ್ತಾನೆ. ಎಲ್ಲಿಗೆ ಹೋಗ್ತೀಯ? ಆ ಹಳ್ಳಿಯವರ ಭಾಷೆಯಾದ್ರೂ ಬರುತ್ತಾ ನಿನಗೆ?"

ಬರುತ್ತಿರಲಿಲ್ಲ. ಅದೇ ಸಂಕಟ. ಅತ್ತ ದರಿ, ಇತ್ತ ಪುಲಿ. ಸುಳ್ಳಿನೊಳಗೆ ಮನೆಯಿತ್ತು, ಹಾಸಿಗೆಯಿತ್ತು, ಊರಿನ ಮರ್ಯಾದೆಯಿತ್ತು. ನಿಜದೊಳಗೆ ಎರಡು ದಿನದ ಕಾಲುದಾರಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇಷ್ಟಾದರೂ ಮುದುಕಿಯ ಮೇಲೆ ಪೂರ್ತಿ ದ್ವೇಷ ಹುಟ್ಟುತ್ತಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ರೇಗಿತು. ಆ ದಿನವೂ ಕಾಲಿಗೆ ಎಣ್ಣೆ ಹಚ್ಚಿದಳು. ಸ್ವಲ್ಪ ಜೋರಾಗಿಯೇ ಉಜ್ಜಿದಳು.

ಉಳಿದದ್ದು ಎಜ್ರಾ ಒಬ್ಬ. ಮಾರನೆಯ ದಿನ ಅವನ ಕೊಟ್ಟಿಗೆಗೆ ಹೋದಳು. ನೂರನೇ ವರ್ಷದ ಊಟಕ್ಕೆಂದು ಉದ್ದದ ಮೇಜಿಗೆ ಹಲಗೆ ಕೊಯ್ಯುತ್ತಿದ್ದ. ಅವಳು ಪೀಠಿಕೆ ಹಾಕಲಿಲ್ಲ.

"ಎಜ್ರಾ, ನಾನು ನಿನ್ನ ತಂಗಿ ಅಲ್ಲ."

ಗರಗಸ ನಿಂತಿತು. ಅವಳು ಅಕ್ಕಿಯ ವಿಷಯ, ಗೊರ್ಪುವಿನ ವಿಷಯ, ನೀಲಿ ಶಾಯಿಯ ವಿಷಯ ಎಲ್ಲ ಹೇಳಿದಳು. ಎಜ್ರಾ ಹಲಗೆಯ ಮೇಲಿನ ಹುಡಿಯನ್ನು ಅಂಗೈಯಿಂದ ಒರೆಸುತ್ತಲೇ ಇದ್ದ. ಒರೆಸಲು ಏನೂ ಉಳಿಯದಿದ್ದರೂ ಒರೆಸಿದ.

"ಇದನ್ನ ಇಪ್ಪತ್ತು ವರ್ಷದ ಹಿಂದೆ ಹೇಳಿದ್ರೆ ಈ ರಸ್ತೇಲಿ ಕುಣೀತಿದ್ದೆ," ಎಂದ.

"ಈಗ?"

"ಬುಕ್ಯಾನನ್‌ನಲ್ಲಿ ಐದು ವರ್ಷ, ದಿನಾ ಬೆಳಿಗ್ಗೆ ಎದ್ದು ನನಗೆ ನಾನೇ ಹೇಳ್ಕೊಂಡೆ, ಅವಳು ನಿನ್ನ ತಂಗಿ ಕಣೋ, ಮುಚ್ಕೊಂಡಿರು ಅಂತ. ಅದು ಒಳಗೆ ನಿಜ ಆದ ಮೇಲೇನೇ ಊರಿಗೆ ಬಂದಿದ್ದು. ಇಲ್ದಿದ್ರೆ ನಿನ್ನ ಮುಂದೆ ತಟ್ಟೆ ಇಟ್ಕೊಂಡು ಕೂರೋಕೆ ಆಗ್ತಿತ್ತಾ? ಈಗ ಅದನ್ನ ಬಿಚ್ಚು ಅಂದ್ರೆ ಎಲ್ಲಿಂದ ಬಿಚ್ಚಲಿ, ತಬಿ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇವಳಿಗೆ ಇಪ್ಪತ್ತು ವರ್ಷ ತಡವಾಗಿ ಕೈಗೆ ಬಂದು, ಅಲ್ಲಿಯೇ ಆರಿಹೋಯಿತು. ಅವಳು ಅಳಲಿಲ್ಲ. ಅವನ ಮಾತು ಸರಿ ಎಂದು ಅವಳಿಗೂ ಗೊತ್ತಿತ್ತು. ಅವಳೂ ಹಾಗೆಯೇ ತನ್ನನ್ನು ಪಳಗಿಸಿಕೊಂಡವಳು.

"ನಾನು ಹೋಗಲೋ, ಇರಲೋ? ನೀನೇ ಹೇಳು," ಎಂದಳು.

"ಇದ್ರೆ ನನಗೆ ಭಾನುವಾರದ ಊಟ ಸಿಗುತ್ತೆ," ಎಂದ ಎಜ್ರಾ. "ಅದಕ್ಕೇ ನನ್ನ ಕೇಳಬೇಡ."

ಡಿಸೆಂಬರ್ ಹದಿನಾಲ್ಕಕ್ಕೆ ಮನೆಯ ಆರು ಬೀಗಗಳೂ ತೆರೆದವು. ಮನ್ರೋವಿಯಾದಿಂದ ಕಾರುಗಳು ಬಂದವು, ಟೋಪಿಗಳು ಬಂದವು, ಮಹಡಿಯ ಜಗಲಿಯಲ್ಲಿ ಮೂವತ್ತೊಂದು ಜನ ಪೆಟಿಫರ್ಡರು ಮೇಜಿನ ಸುತ್ತ ಕೂತರು. ಎಜ್ರಾ ಮೂಲೆಯಲ್ಲಿ, ಹಿರಿಯಮ್ಮ ತಲೆಯ ಕಡೆ. ಮೂರು ದಿನದಿಂದ ನಿದ್ದೆಯಿಲ್ಲದೆ ಬೇಯಿಸಿದ್ದೆಲ್ಲ ಮೇಜಿನ ಮೇಲಿತ್ತು: ತಾಳೆಹಣ್ಣಿನ ಸಾರು, ಮರಗೆಣಸಿನ ಎಲೆಯ ಪಲ್ಯ, ಹೊಗೆ ಮೀನು, ಕೋಳಿ, ಸಿಹಿಗೆಣಸಿನ ಕಡುಬು, ಶುಂಠಿ ಪಾನಕ. ಗೊರ್ಪು ಹಿಂದಿನ ಸಂಜೆಯೇ ಬಂದು ಸೆಲೀನಾಳ ಮನೆಯಲ್ಲಿ ಇಳಿದುಕೊಂಡಿದ್ದಳು. ಬರುತ್ತೇನೆ ಎಂದು ತಬಿತಾ ಅವಳಿಗೆ ಹೇಳಿರಲಿಲ್ಲ. ಬರುವುದಿಲ್ಲ ಎಂದೂ ಹೇಳಿರಲಿಲ್ಲ.

ಊಟಕ್ಕೆ ಮುಂಚೆ ಹಾಜರಿ ಕರೆಯುವುದು ನಮ್ಮ ಹಳೆಯ ಮನೆತನಗಳ ಪದ್ಧತಿ. ಪುಸ್ತಕ ಹಿಡಿದವರು ಒಂದೊಂದೇ ಹೆಸರು ಓದುತ್ತಾರೆ. ಎದುರಿಗಿರುವವರು 'ಇದ್ದೇನೆ' ಎನ್ನಬೇಕು. ಸತ್ತವರ ಹೆಸರಿಗೆ ಎಲ್ಲರೂ ಸೇರಿ 'ಮಲಗಿದ್ದಾರೆ' ಎನ್ನಬೇಕು. ಮನೆ ಬಿಟ್ಟು ಬೇರೆ ಕಡೆ ಬಾಳುತ್ತಿರುವ ಸಾಕುಮಕ್ಕಳ ಹೆಸರಿಗೆ ಓದುವವರೇ 'ಹೋಗಿದ್ದಾಳೆ' ಎಂದು ಹೇಳಿ ಮುಂದೆ ಸಾಗಬೇಕು.

ತಬಿತಾ ಏಪ್ರನ್ ಬಿಚ್ಚಿ ನಿಂತು ಓದಿದಳು. ಅಬ್ಸಲೋಮ್, ಮಲಗಿದ್ದಾರೆ. ಅವನ ಹೆಂಡತಿ ಡಾರ್ಕಸ್, ಮಲಗಿದ್ದಾರೆ. ಲುಕ್ರೀಷಿಯಾ. "ಇದ್ದೇನೆ," ಎಂದಳು ಹಿರಿಯಮ್ಮ, ರಾಣಿಯ ಹಾಗೆ. ಥಿಯೊಫಿಲಸ್, ಮಲಗಿದ್ದಾರೆ. ಥಿಯೊಫಿಲಸ್‌ನ ಮಗ ಎಜ್ರಾ.

"ಇದ್ದೇನೆ," ಎಂದ ಎಜ್ರಾ. ತಲೆ ಎತ್ತಲಿಲ್ಲ.

ಮುಂದಿನ ಹೆಸರು ತಬಿತಾಳದೇ ಆಗಬೇಕಿತ್ತು. ಹಿರಿಯಮ್ಮ ಅವಳನ್ನೇ ನೋಡುತ್ತಿದ್ದಳು. ತಬಿತಾ ಪುಟ ತಿರುವಿ ರುಡಾಲ್ಫನ ತಂದೆಯ ಕವಲು ಓದತೊಡಗಿದಳು. ರುಡಾಲ್ಫ್ ಹುಬ್ಬು ಏರಿಸಿದ, ಆದರೆ ತನ್ನ ಹೆಸರು ಬಂದದ್ದರಿಂದ 'ಇದ್ದೇನೆ' ಎನ್ನಲೇಬೇಕಾಯಿತು. ಕೊನೆಗೆ ಸಾಕುಮಕ್ಕಳ ಪುಟ ಬಂತು. ಸೆಲೀನಾ, ಹೋಗಿದ್ದಾಳೆ. ಏಳೂ ಹೆಸರು ಓದಿದಳು, ಏಳಕ್ಕೂ ಹಾಗೆಯೇ ಹೇಳಿದಳು. ಆಮೇಲೆ ಓದಿದ್ದು ಜಗಲಿಯ ಕೊನೆಯವರೆಗೆ ಕೇಳಿಸಿತು.

"ಕೋಲಿಯೆಟಾದ ಯಾಮಾಳ ಮಗಳು ತಬಿತಾ. ಹೋಗಿದ್ದಾಳೆ."

ಯಾರೋ ನಗಲು ಹೊರಟು ನಿಲ್ಲಿಸಿದರು. ತಬಿತಾ ಸೊಂಟದ ಗೊಂಚಲು ಬಿಚ್ಚಿ ರುಡಾಲ್ಫನ ತಟ್ಟೆಯ ಪಕ್ಕ ಇಟ್ಟಳು.

"ಏನತ್ತೆ ಇದು?" ಎಂದ ರುಡಾಲ್ಫ್.

"ಬೈಬಲ್ಲಿನಲ್ಲಿರೋ ನನ್ನ ಹೆಸರು ಸುಳ್ಳು. ಅಮ್ಮನಿಗೆ ಗೊತ್ತು. ನಾನು ನಿಮ್ಮ ರಕ್ತದವಳಲ್ಲ. ರಕ್ತದವರೊಬ್ಬರು ಮನೆ ನೋಡ್ಕೋಬೇಕು ಅಂದಿದ್ದೆಯಲ್ಲ. ಇಷ್ಟು ಜನ ಇದೀರಿ."

ಎಲ್ಲರೂ ಹಿರಿಯಮ್ಮನ ಕಡೆ ತಿರುಗಿದರು. ಸುಳ್ಳು ಎನ್ನುತ್ತಾಳೆ ಎಂದು ಕಾದರು. ಹಿರಿಯಮ್ಮ ಹಾಗೆನ್ನಲಿಲ್ಲ. ಅವಳು ಕೇಳಿದ್ದು ಬೇರೆ.

"ನಾಳೆ ಬೆಳಿಗ್ಗೆ ನನಗೆ ಸ್ನಾನ ಯಾರು ಮಾಡಿಸ್ತಾರೆ?"

ಎಲ್ಲರೂ ತಂತಮ್ಮ ತಟ್ಟೆ ನೋಡಿಕೊಂಡರು. ತಬಿತಾ ಕಾದಳು. ಇದೇ ತನ್ನನ್ನು ಹಿಡಿದು ನಿಲ್ಲಿಸುವುದು ಎಂದು ಅವಳಿಗೆ ಗೊತ್ತಿತ್ತು. ರುಡಾಲ್ಫನ ಹೆಂಡತಿ ತನ್ನ ಬೆರಳಿನ ಉಂಗುರಗಳನ್ನು ಸರಿಮಾಡಿಕೊಳ್ಳುತ್ತಿದ್ದಳು. ತಬಿತಾ ಅವಳ ಹತ್ತಿರ ಹೋಗಿ ಬಗ್ಗಿದಳು.

"ಆರು ಗಂಟೆಗೆ ನೀರು ಕಾಯಿಸಮ್ಮ. ಬಿಸಿ ಜಾಸ್ತಿ ಬೇಡ, ಮೊಣಕೈ ಅದ್ದಿ ನೋಡು. ಎಡಗಾಲು ನೋಯುತ್ತೆ, ಅದನ್ನ ಕೊನೇಲಿ ಮುಟ್ಟು. ಬೆನ್ನು ತಿಕ್ಕುವಾಗ ಏನಾದ್ರೂ ಮಾತಾಡ್ತಾ ಇರು, ಇಲ್ದಿದ್ರೆ ಹೆದರ್ತಾರೆ. ಗಂಜಿಗೆ ಉಪ್ಪು ಕಮ್ಮಿ. ಮೊದಲ ದಿನ ನಿನ್ನ ಕೈಯಿಂದ ತಿನ್ನಲ್ಲ ಅಂತಾರೆ. ಹಸಿವಾದ್ರೆ ತಿಂತಾರೆ."

ಹೀಗೆ ಹೇಳಿ, ಜಗಲಿ ದಾಟಿ, ಹಿತ್ತಿಲ ಮೆಟ್ಟಿಲು ಇಳಿಯತೊಡಗಿದಳು. ಕೈಯಲ್ಲಿ ಏನೂ ಇರಲಿಲ್ಲ. ಭಯ ಮಾತ್ರ ಮೈತುಂಬ ಇತ್ತು.

"ತಬಿತಾ," ಎಂದು ಹಿರಿಯಮ್ಮ ಮೇಲಿನಿಂದ ಕರೆದಳು.

ತಬಿತಾಳ ಕಾಲು ತಾನಾಗಿ ನಿಂತುಬಿಟ್ಟಿತು. ಆ ದನಿಗೆ ನಲವತ್ತೆರಡು ವರ್ಷ ನಿಂತ ಕಾಲು ಅದು. ಮೆಟ್ಟಿಲ ಹಿಡಿಕೆ ಹಿಡಿದು ಅಲ್ಲೇ ಇದ್ದಳು. ಮೇಲೆ ಯಾರಾದರೂ ಕುರ್ಚಿ ಸರಿಸಿ ಎದ್ದು ಮುದುಕಿಯ ಬಳಿ ಹೋಗುತ್ತಾರೇನೋ ಎಂದು ಕಿವಿಗೊಟ್ಟಳು. ಬಹಳ ಹೊತ್ತಿನ ಮೇಲೆ ಒಂದು ಕುರ್ಚಿ ಸರಿದ ಸದ್ದಾಯಿತು. ಕುಂಟುವ ಕಾಲಿನ ಹೆಜ್ಜೆ. ಎಜ್ರಾ.

"ಇಲ್ಲೇ ಇದೀನಿ ಅತ್ತೆ," ಎಂದ ಅವನು. "ಏನು ಬೇಕು ಹೇಳು."

ಹಿರಿಯಮ್ಮ ಎರಡನೇ ಸಲ ಕರೆದಾಗ ತಬಿತಾ ಅಂಗಳದ ನಡುವೆ ಇದ್ದಳು. ಮೂರನೇ ಸಲ ಕರೆದಳೋ ಇಲ್ಲವೋ, ಅವಳಿಗೆ ಕೇಳಿಸಲಿಲ್ಲ.